ಓದುಗರ ಸ್ಪಂದನ: ಹೆಚ್ಚು ಸಮಯ ಕೇಳಲು ಹಿಂಜರಿಕೆ

ಸಮಸ್ಯೆ: ದೃಷ್ಟಿ ತುಂಬಾ ಕಡಿಮೆ ಇರುವ ಪದವಿ ವಿದ್ಯಾರ್ಥಿನಿಯೊಬ್ಬರು ಬರೆದಿದ್ದರು. ನಾಲ್ಕು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ಪರೀಕ್ಷೆಗೆ ಹೆಚ್ಚು ಸಮಯ, ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಕೇಳಿದರೆ ಗೆಳತಿಯರು ಏನಂದುಕೊಳ್ಳುತ್ತಾರೋ ಎಂಬ ಭಯ.

ತಂಗಿ, ನನ್ನ ದೃಷ್ಟಿಯೂ ನಿನ್ನ ಹಾಗೆಯೇ. ಮೊದಲ ವರ್ಷ ನಾನೂ ಸುಮ್ನೆ ಇದ್ದೆ. ಉತ್ತರ ಗೊತ್ತಿದ್ದ ಎರಡು ಪ್ರಶ್ನೆಗಳನ್ನು ಮುಟ್ಟದೆಯೇ ಎದ್ದು ಬಂದೆ. ಆ ಸಂಕಟ ನಿನಗೆ ಬೇಡ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶಿಕ್ಷಣದ್ದೇ. ಓದುವವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರಲ್ಲಿದೆ. ನೀನು ಕೇಳುತ್ತಿರುವುದು ಅದನ್ನೇ ಅಲ್ವಾ? ವರ್ಷದ ಆರಂಭದಲ್ಲೇ ಅರ್ಜಿ ಕೊಡು, ವೈದ್ಯರ ಪತ್ರ ಜೊತೆಗಿರಲಿ.

ಸ್ಕ್ರೈಬ್ ಸಿಕ್ಕರೆ ಸಾಕು ಅಂದುಕೊಳ್ಳಬೇಡ. ಹೇಳಿ ಬರೆಸುವುದು ಬೇರೆಯೇ ಅಭ್ಯಾಸ. ಹೇಳುವಾಗ ಮನಸ್ಸು ಮುಂದೆ ಓಡುತ್ತದೆ, ಬರೆಯುವವರ ಕೈ ಹಿಂದೆ ಉಳಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮನೆಯವರ ಕೈಲಿ ಬರೆಸಿ ನೋಡು. ಮೊದಲು ಮುಖ್ಯ ಅಂಶಗಳು, ಆಮೇಲೆ ವಿವರ. 'ಕೊನೆಯ ಸಾಲು ಇನ್ನೊಮ್ಮೆ ಓದಿ' ಅನ್ನಲು ನಾಚಬೇಡ.

ಓದಿಗೆ ಎನ್‌ವಿಡಿಎ ತಂತ್ರಾಂಶ ಹಾಕಿಕೋ. ಉಚಿತವಾಗಿ ಸಿಗುತ್ತದೆ. ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ. ಮೊದಲ ವಾರ ಆ ಧ್ವನಿ ಕಿರಿಕಿರಿ ಅನಿಸುತ್ತದೆ, ಬಿಡಬೇಡ. ನಿಧಾನವಾಗಿ ಶುರುಮಾಡಿ ವೇಗ ಏರಿಸುತ್ತಾ ಹೋಗು. ಪುಟಗಳ ಫೋಟೊ ತೆಗೆದು ಮಾಡಿದ ಪಿಡಿಎಫ್ ಮಾತ್ರ ಅದಕ್ಕೆ ಬರೀ ಚಿತ್ರ. ಓಸಿಆರ್ ಮಾಡಿದರಷ್ಟೇ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿ ಬದಲಿಸಿದರಷ್ಟೇ ಓದುತ್ತದೆ. ಹಾಗಾಗಿ ಮೇಷ್ಟ್ರ ಹತ್ತಿರ ಟೈಪ್ ಮಾಡಿದ ಮೂಲ ಫೈಲನ್ನೇ ಕೇಳು.
– ಈಗ ಕೆಲಸದಲ್ಲಿರುವ ಒಬ್ಬ ಅಕ್ಕ

ಮಗೂ, ನಾನು ಗಣಿತ ಕಲಿಸುತ್ತೇನೆ. ಬೋರ್ಡ್ ಮೇಲೆ ಬರೆಯುತ್ತಾ 'ಇದನ್ನು ಇಲ್ಲಿ ಹಾಕಿದರೆ ಅದು ಬಂತು' ಅನ್ನುವುದು ನನ್ನ ರೂಢಿಯಾಗಿತ್ತು. ಒಂದು ದಿನ ಹುಡುಗನೊಬ್ಬ ಬಂದು, 'ಇದು ಅಂದರೆ ಯಾವುದು ಸಾರ್?' ಅಂದ. ಅವನಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಅಂದಿನಿಂದ ಪ್ರತಿ ಸಂಖ್ಯೆ, ಪ್ರತಿ ಚಿಹ್ನೆಯನ್ನೂ ಬಾಯಿಬಿಟ್ಟು ಹೇಳುತ್ತೇನೆ. ಅವನು ಕೇಳದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. ನಿಮ್ಮ ಮೇಷ್ಟ್ರಿಗೂ ಹೇಳಿ ನೋಡು.
– ಒಬ್ಬ ಅಧ್ಯಾಪಕ

ನನ್ನ ಗೆಳತಿಗೆ ಹೆಚ್ಚು ಸಮಯ ಸಿಗುತ್ತದೆ. ಮೊದಲು ನನಗೂ ಬೇಸರವಾಗಿತ್ತು, ನಿಜ. ಒಂದು ದಿನ ಅವಳ ಪಕ್ಕ ಕೂತು ಓದಿದೆ. ನಾನು ಹತ್ತು ಪುಟ ಮುಗಿಸುವಾಗ ಅವಳಿನ್ನೂ ಮೂರನೆಯದರಲ್ಲಿದ್ದಳು. ಆಮೇಲೆ ನಾನೇ ನೋಟ್ಸನ್ನು ಜೋರಾಗಿ ಓದಿ ಹೇಳತೊಡಗಿದೆ. ಹಾಗೆ ಓದಿದ್ದು ನನಗೂ ಜಾಸ್ತಿ ನೆನಪಿರುತ್ತದೆ. ನಿಮ್ಮ ಗೆಳತಿಯರಲ್ಲಿ ಒಬ್ಬರ ಹತ್ತಿರವಾದರೂ ಇದನ್ನು ಹೇಳಿಕೊಳ್ಳಿ.
– ನಿಮ್ಮಂತೆಯೇ ಒಬ್ಬ ವಿದ್ಯಾರ್ಥಿನಿ