ಏಳು ಗಂಟೆ ಊಟ, ನಾರಾ ಜಿಂಕೆ

"ಕ್ಯೋಟೋದಲ್ಲಿ ನಾನು ನೋಡದೆ ಬಿಟ್ಟ ಜಾಗ ಒಂದೂ ಇಲ್ಲ" ಅಂತ ಗುಂಡ ಶುರು ಮಾಡಿದ್ದೇ ತಡ, ಸುಬ್ಬಿ ಲೋಟ ಕೆಳಗಿಟ್ಟಳು.

"ನೋಡಿದ್ದೇನೋ ಹೌದು ಕಣೋ. ಆದರೆ ಯಾವ ಗುಡಿಗೆ ಹೋದರೂ ನಿನ್ನ ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತಲ್ಲ."

ಅದೂ ನಿಜವೇ. ಜಪಾನಿ ಭಾಷೆ ಕಲಿಯೋಕೆ ಅಂತ ಹೋಗಿದ್ದ ನಾವು ಮೂವರೂ ಮೂರು ಮನೆಗಳಲ್ಲಿ ಇದ್ದೆವು. ನನಗೂ ಸುಬ್ಬಿಗೂ ಮನೆಯವರು ಬೀಗದ ಕೈ ಕೊಟ್ಟು ಸುಮ್ಮನಾಗಿದ್ದರು. ಗುಂಡನ ಒಕಾಸಾನ್, ಅಂದರೆ ಆ ಮನೆಯ ಅಮ್ಮ, ಹಾಗಲ್ಲ. ಸಂಜೆ ಏಳಕ್ಕೆ ಊಟ. ಬರೋದಿಲ್ಲ ಅಂದ್ರೆ ಮೊದಲೇ ಫೋನ್ ಮಾಡಬೇಕು. ತಡವಾದರೆ ಬೈಯುತ್ತಿರಲಿಲ್ಲ, ಅದೇ ತೊಂದರೆ. ಬೈಗುಳವಾಗಿದ್ದರೆ ಇವನಿಗೆ ಅಭ್ಯಾಸವಿತ್ತು. ಅವರು ಊಟ ಮುಚ್ಚಿಟ್ಟುಕೊಂಡು ಕಾಯುತ್ತಾ ಕೂತಿರುತ್ತಿದ್ದರು.

"ಕಿಯೊಮಿಜು ನೆನಪಿದೆಯಾ?" ಅಂದೆ ನಾನು.

ಕಿಯೊಮಿಜು ಗುಡಿಯಲ್ಲಿ ಗುಡ್ಡದ ಪಕ್ಕಕ್ಕೆ ಚಾಚಿಕೊಂಡಿರುವ ಮರದ ಕಟ್ಟೆ ಅದು, 1633ರಲ್ಲಿ ಮತ್ತೆ ಕಟ್ಟಿದ್ದು, 13 ಮೀಟರ್ ಎತ್ತರ. ಅಲ್ಲಿಂದ ಹಾರಿ ಬದುಕಿದರೆ ಬೇಡಿಕೊಂಡದ್ದು ಆಗುತ್ತೆ ಅಂತ ಹಿಂದೆ ಜನ ನಿಜವಾಗಿಯೂ ಹಾರುತ್ತಿದ್ದರಂತೆ, ಲೆಕ್ಕ ಸಿಕ್ಕಿರುವುದೇ 234 ಸಲ! ಕೊನೆಗೆ 1872ರಲ್ಲಿ ಹಾರೋದನ್ನ ನಿಷೇಧ ಮಾಡಿದರು. ಈಗಲೂ ಜಪಾನಿನಲ್ಲಿ ಯಾರಾದರೂ ಎದೆ ಗಟ್ಟಿ ಮಾಡಿಕೊಂಡು ದೊಡ್ಡ ಕೆಲಸಕ್ಕೆ ಇಳಿದರೆ 'ಕಿಯೊಮಿಜು ಕಟ್ಟೆಯಿಂದ ಹಾರಿದ ಹಾಗೆ' ಅಂತಾರೆ.

"ಎಲ್ಲರೂ ಕಟ್ಟೆ ನೋಡುತ್ತಿದ್ದರೆ, ಇವನು ಕೆಳಗಡೆ ಹಸಿರು ಪಬ್ಲಿಕ್ ಫೋನಿಗೆ 10 ಯೆನ್ ನಾಣ್ಯ ಹಾಕಿಕೊಂಡು, ಕಾಣದ ಒಕಾಸಾನ್‌ಗೆ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿದ್ದ" ಅಂದಳು ಸುಬ್ಬಿ. "ಒಂದು ಸಲ ಹಣೆ ಫೋನಿಗೇ ಹೊಡೆಯಿತು."

"ನಿಮಗೇನು ಗೊತ್ತು? ಸ್ನಾನದ ವಿಷಯ ಆದಮೇಲೆ ನಾನು ಆ ಮನೆಯಲ್ಲಿ ಜಾಸ್ತಿ ಹುಷಾರಾಗಿರಬೇಕಿತ್ತು."

ಸ್ನಾನದ ವಿಷಯ ಹೀಗೆ. ಫುಶಿಮಿ ಇನಾರಿ ಗುಡಿಯ ಸಾವಿರಾರು ಕೆಂಪು ಕಮಾನುಗಳ ಕೆಳಗೆ 233 ಮೀಟರ್ ಬೆಟ್ಟ ಹತ್ತಿ ಇಳಿದು ಇವನು ಕುಂಟುತ್ತಾ ಮನೆ ಸೇರಿದ್ದ. ಅತಿಥಿ ಅಂತ ಮೊದಲ ಸ್ನಾನ ಇವನಿಗೇ. ಅಲ್ಲಿ ಮೈ ತೊಳೆದುಕೊಳ್ಳೋದು ತೊಟ್ಟಿಯ ಹೊರಗೆ. ಆಮೇಲೆ ಬಿಸಿನೀರಿನಲ್ಲಿ ಸುಮ್ನೆ ಕೂರೋದು. ಅದೇ ನೀರು ಆಮೇಲೆ ಮನೆಮಂದಿಗೆಲ್ಲ. ಇವನು ಎದ್ದು, ಒಳ್ಳೆಯ ಹುಡುಗನ ಹಾಗೆ ಬಿರಟೆ ಕಿತ್ತು, ತೊಟ್ಟಿ ಉಜ್ಜಿ ಬೇರೆ ಬಂದಿದ್ದಾನೆ! ಬಾಗಿಲಲ್ಲಿ ಟವೆಲ್ ಹೊದ್ದು ಒಜೀಸಾನ್, ಆ ಮನೆಯ ತಾತ, ನಿಂತಿದ್ದರು. ನೀರು ಗಟಗಟ ಅಂತ ಇಳಿಯೋ ಸದ್ದನ್ನ ಇಬ್ಬರೂ ಕೊನೇ ಹನಿಯವರೆಗೂ ಕೇಳಿದರಂತೆ.

"ತಾತ ಏನಂದ್ರು?"

"ಏನೂ ಅನ್ನಲಿಲ್ಲ. ಟವೆಲ್ ಮಡಚಿಕೊಂಡು ಹೋದ್ರು."

ಬಂಗಾರದ ಮಂಟಪಕ್ಕೂ ಹೋಗಿದ್ದೆವು. 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಮತ್ತೆ ಎದ್ದದ್ದು. ಕೊಳದ ಈಚೆಯಿಂದ ನೋಡಬೇಕು, ಅಷ್ಟೇ. ನಮ್ಮ ಮಾತೆಲ್ಲ ಹೋಗಿ ನಿಲ್ಲೋದು ಮಾತ್ರ ಕ್ಯೋಟೋ ಹತ್ತಿರದ ಊರು ನಾರಾದಲ್ಲಿ.

ಅವತ್ತು ಒಕಾಸಾನ್ ಪೇಪರ್ ಜೊತೆ ಬರುವ ಜಾಹೀರಾತಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ದಾರಿ ಬರೆದುಕೊಟ್ಟಿದ್ದರು. ಯಾವ ಪ್ಲಾಟ್‌ಫಾರ್ಮು, ಎಲ್ಲಿ ಎಡಕ್ಕೆ, ಮೂಲೆಯಲ್ಲಿ ಪುಟ್ಟ ಮನೆ, ಅದರ ಕೆಳಗೆ ಫೋನ್ ನಂಬರು. ಗುಂಡನಿಗೆ ಆ ನಂಬರು ಬಾಯಿಪಾಠ ಇರಲಿಲ್ಲ. ನಾರಾ ಪಾರ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು. 'ಶಿಕಾ ಸೆಂಬೆ' ಅಂತ ಅವಕ್ಕೇ ಮಾಡಿದ ಬಿಸ್ಕತ್ತು ಮಾರುತ್ತಾರೆ. ಗುಂಡ ಒಂದು ಜಿಂಕೆಗೆ ತಲೆ ಬಗ್ಗಿಸಿದ, ಅದೂ ಬಗ್ಗಿಸಿತು. ಇವನಿಗೆ ಖುಷಿಯೋ ಖುಷಿ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬಂದು ಜೇಬಿನ ನಕ್ಷೆ ಎಳೆದು, ಮನೆ, ನಂಬರು ಎರಡನ್ನೂ ಸೇರಿಸಿ ಅಗಿಯತೊಡಗಿತು.

"ನೀನು ಬಾಲ ಹಿಡಿದು ಎಳೆದೆ" ಅಂದಳು ಸುಬ್ಬಿ.

"ಬಾಲ ಅಲ್ಲ, ಕಾಗದ."

ಆಮೇಲೆ ಫೋನಿಲ್ಲ, ದಾರಿ ತಪ್ಪಿದ್ದು ಬೇರೆ. ಮನೆ ಮುಟ್ಟಿದಾಗ ಒಂಬತ್ತು. ಒಕಾಸಾನ್, ಒಜೀಸಾನ್ ಇಬ್ಬರೂ ಊಟದ ಮುಂದೆ ಕೂತಿದ್ದಾರೆ. ಇವನು ದಾರಿಯುದ್ದಕ್ಕೂ ಗಟ್ಟು ಹೊಡೆದಿದ್ದ ವಾಕ್ಯ ಒಪ್ಪಿಸಿದ: "ಶಿಕಾ ಓ ತಬೆಮಾಶಿತಾ."

'ಗಾ' ಅನ್ನಬೇಕಿತ್ತು. 'ಶಿಕಾ ಗಾ' ಅಂದರೆ ಜಿಂಕೆ ತಿಂದಿತು. 'ಶಿಕಾ ಓ' ಅಂದರೆ ಜಿಂಕೆಯನ್ನು ತಿಂದೆ. ನಾರಾದ ಜಿಂಕೆ ಅಂದರೆ ದೇವರ ದೂತ ಅಂತ ನಂಬಿಕೆ, ಸಾಲದ್ದಕ್ಕೆ 1957ರಿಂದ ಸರ್ಕಾರದ ರಕ್ಷಣೆ ಬೇರೆ.

"ಒಕಾಸಾನ್ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತುಬಿಡ್ತು" ಅಂದ ಗುಂಡ. "ನಾನು ಹೊಟ್ಟೆ ಮೇಲೆ ಕೈಯಿಟ್ಟು, ಪೂರ್ತಿ ಹೋಯ್ತು, ಪೂರ್ತಿ ಹೋಯ್ತು ಅಂತಿದ್ದೀನಿ."

"ಆಮೇಲೆ?"

"ತಾತ ಆ ಸ್ನಾನದ ದಿನದಿಂದ ನನ್ನ ಹತ್ತಿರ ಮಾತಾಡಿರಲಿಲ್ಲ. ಅವತ್ತು ಮೆಲ್ಲಗೆ ಕೇಳಿದ್ರು, ಬೇಯಿಸಿಕೊಂಡ್ಯಾ, ಹಸೀದೇ ತಿಂದ್ಯಾ ಅಂತ."