ಹಿರಿಯ ಸಹೋದ್ಯೋಗಿಯ ಇಂಗ್ಲಿಷ್ ವ್ಯಾಕರಣದೋಷಗಳನ್ನು ನೋಯಿಸದೆ ತಿದ್ದುವುದು ಹೇಗೆ?

ಪ್ರಶ್ನೆ: ವರದಿಗಾರ

ನಮ್ಮ ತಂಡದಲ್ಲಿ ನನಗಿಂತ ಹಿರಿಯರಾದ ಒಬ್ಬರಿದ್ದಾರೆ. ವಿಷಯಜ್ಞಾನದಲ್ಲಿ ಅವರಿಗೆ ಸರಿಸಾಟಿಯಿಲ್ಲ; ಆದರೆ ಅವರು ಬರೆಯುವ ಇಂಗ್ಲಿಷ್ ವರದಿಗಳಲ್ಲಿ 'ಡಿಡ್ ನಾಟ್ ವೆಂಟ್', 'ಒನ್ ಆಫ್ ದ ರೀಸನ್', 'ಡಿಸ್ಕಸ್ ಅಬೌಟ್' ಮುಂತಾದ ತಪ್ಪುಗಳು ಮತ್ತೆ ಮತ್ತೆ ಕಾಣಿಸುತ್ತವೆ. ವರದಿಗಳು ಗ್ರಾಹಕರ ಕೈಸೇರುವುದರಿಂದ ಸುಮ್ಮನಿರಲಾಗದು. ಹೇಳಹೋದರೆ ಅವರು ನೊಂದುಕೊಂಡಾರೆಂಬ ಅಳುಕೂ ಇದೆ. ಕಂಡದ್ದನ್ನೆಲ್ಲ ತಿದ್ದಬೇಕೇ? ಮಾತಿನಲ್ಲಿ ನುಸುಳುವ ತಪ್ಪುಗಳನ್ನು ಏನು ಮಾಡಬೇಕು?

ಉತ್ತರ: ಭಾಷಾಬೋಧಕ

ಎಲ್ಲವನ್ನೂ ತಿದ್ದಬೇಡಿ. ಬಾಯಿತಪ್ಪಿನಿಂದಲೋ ಅವಸರದಿಂದಲೋ ಆಗುವ ತಪ್ಪು ಬೇರೆ, ಕಲಿಯುವವರ ಮನಸ್ಸಿನಲ್ಲಿ ನಿಯಮವೇ ಬೇರೆ ರೀತಿಯಲ್ಲಿ ನೆಲೆಗೊಂಡದ್ದರಿಂದ ಆಗುವ ತಪ್ಪು ಬೇರೆ ಎಂಬುದನ್ನು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಷ್ಟು ಹಿಂದೆಯೇ ವಿವರಿಸಿದ್ದರು. ಮೊದಲನೆಯದನ್ನು ಬರೆದವರೇ ಇನ್ನೊಮ್ಮೆ ಓದಿದರೆ ಸರಿಪಡಿಸಿಕೊಳ್ಳುತ್ತಾರೆ. ಎರಡನೆಯದಕ್ಕೆ ಮಾತ್ರ ವಿವರಣೆ ಬೇಕು.

ಅದರಲ್ಲೂ ಅರ್ಥ ಕೆಡಿಸುವ ತಪ್ಪುಗಳಿಂದ ಆರಂಭಿಸಿ. 'ಡಿಸ್ಕಸ್ ಅಬೌಟ್' ಎಂದು ಬರೆದರೆ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. 'ಅಬೌಟ್' ಅನ್ನು ಅಳಿಸಿದರೆ ಮುಗಿಯಿತು. ಆದರೆ 'ವಿ ಫೌಂಡ್ ಎ ಫ್ಯೂ ಎರರ್ಸ್' ಎನ್ನಬೇಕಾದಲ್ಲಿ 'ಎ' ಬಿಟ್ಟುಹೋದರೆ, 'ಕೆಲವು ದೋಷಗಳು ಸಿಕ್ಕಿವೆ' ಎಂಬುದು 'ದೋಷಗಳು ಹೆಚ್ಚೇನೂ ಇಲ್ಲ' ಎಂಬ ಅರ್ಥಕ್ಕೆ ತಿರುಗುತ್ತದೆ. 'ಒಳಗೆ' ಎಂಬರ್ಥದ 'ಬೈ ಫ್ರೈಡೇ' ಬರೆಯಬೇಕಾದ ಕಡೆ 'ವರೆಗೆ' ಎಂಬರ್ಥದ 'ಅಂಟಿಲ್ ಫ್ರೈಡೇ' ಬರೆದರೂ ಇದೇ ಗತಿ: ಗಡುವೇ ಗೊಂದಲಕ್ಕೀಡಾಗುತ್ತದೆ.

ಕಾರಣವನ್ನು ಜೊತೆಗೆ ಹೇಳಿದರೆ ತಿದ್ದುಪಡಿಯ ಮೊನಚು ತಗ್ಗುತ್ತದೆ. 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟು ಇಯರ್ಸ್' ಎಂಬ ವಾಕ್ಯ ಅಜ್ಞಾನದಿಂದ ಹುಟ್ಟಿದ್ದಲ್ಲ. ಕನ್ನಡದಲ್ಲಿ 'ಸೋಮವಾರದಿಂದ', 'ಎರಡು ವರ್ಷಗಳಿಂದ' ಎರಡಕ್ಕೂ ಒಂದೇ ಪ್ರತ್ಯಯ ಸಾಕು, ಕ್ರಿಯಾಪದವೂ 'ಮಾಡುತ್ತಿದ್ದೇನೆ' ಎಂದೇ ಇರುತ್ತದೆ. ಇಂಗ್ಲಿಷಿನಲ್ಲಿ ಆರಂಭದ ಬಿಂದುವಿಗೆ 'ಸಿನ್ಸ್', ಅವಧಿಗೆ 'ಫಾರ್', ಕ್ರಿಯಾಪದಕ್ಕೆ 'ಹ್ಯಾವ್ ಬೀನ್ ವರ್ಕಿಂಗ್' ಬೇಕು. 'ಡಿಡ್' ಭೂತಕಾಲವನ್ನು ಆಗಲೇ ಹೇಳಿರುವುದರಿಂದ ಮುಂದಿನ ಕ್ರಿಯಾಪದ 'ಗೋ' ಎಂಬ ಮೂಲರೂಪದಲ್ಲೇ ಉಳಿಯುತ್ತದೆ. 'ಒನ್ ಆಫ್ ದ' ಬಂದರೆ ಗುಂಪಿನಲ್ಲಿ ಒಂದು ಎಂದರ್ಥವಾದ್ದರಿಂದ ಮುಂದಿನ ನಾಮಪದ ಬಹುವಚನದಲ್ಲಿರಬೇಕು, ಕ್ರಿಯಾಪದ ಮಾತ್ರ ಏಕವಚನದಲ್ಲಿ: 'ಒನ್ ಆಫ್ ದ ರೀಸನ್ಸ್ ಈಸ್'.

ಮಾತಿನ ಸಂಗತಿ ಹೀಗೆ: ಅವರು ತಪ್ಪಾಗಿ ಹೇಳಿದ್ದನ್ನು ನೀವು ಉತ್ತರಿಸುವಾಗ ಸರಿಯಾದ ರೂಪದಲ್ಲಿ ಬಳಸಿಬಿಡಿ. 'ಓ, ಯು ಡಿಡ್ ನಾಟ್ ಗೋ' ಎಂದಷ್ಟೇ. ಯಾರ ಮುಖವೂ ಕೆಂಪಾಗುವುದಿಲ್ಲ.

ಉತ್ತರ: ಕರಡು ತಿದ್ದುವವಳು

ಮೇಲಿನ ಉತ್ತರದ ಕೊನೆಯ ಭಾಗಕ್ಕೆ ನನ್ನ ಸಣ್ಣ ತಕರಾರಿದೆ. ಸರಿಯಾದ ರೂಪವನ್ನು ಸದ್ದಿಲ್ಲದೆ ಮರುನುಡಿಯುವುದು ಸೌಜನ್ಯದ ವಿಧಾನವೇ ಹೌದು, ಆದರೆ ಅದು ಕೇಳುವವರ ಗಮನಕ್ಕೇ ಬಾರದಿರಬಹುದು. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಅವರು ಕೆನಡಾದ ಫ್ರೆಂಚ್ ಮಾಧ್ಯಮ ತರಗತಿಗಳನ್ನು ಅಭ್ಯಸಿಸಿ 1997ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಶಿಕ್ಷಕರು ಅತಿ ಹೆಚ್ಚು ಬಳಸುತ್ತಿದ್ದುದು ಈ ವಿಧಾನವನ್ನೇ, ವಿದ್ಯಾರ್ಥಿಗಳಿಂದ ಅತಿ ಕಡಿಮೆ ಪ್ರತಿಕ್ರಿಯೆ ಸಿಗುತ್ತಿದ್ದುದೂ ಇದಕ್ಕೇ ಎಂದು ಕಂಡುಬಂದಿತ್ತು. ಆದ್ದರಿಂದ ಸಭೆಯಲ್ಲಿ ಸುಮ್ಮನಿದ್ದು, ಅವರು ಬಯಸಿದರೆ ಆಮೇಲೆ ಇಬ್ಬರೇ ಇರುವಾಗ ನೇರವಾಗಿ ಹೇಳುವುದು ಮೇಲು. ಬಯಸದಿದ್ದರೆ ಮಾತಿನ ತಪ್ಪುಗಳನ್ನು ಅಲ್ಲಿಗೇ ಬಿಡಿ.

ಇನ್ನೊಂದು ಎಚ್ಚರಿಕೆ. ತಿದ್ದುವ ಮೊದಲು ಅದು ನಿಜವಾಗಿಯೂ ತಪ್ಪೇ ಎಂದು ನಿಘಂಟನ್ನೋ ವ್ಯಾಕರಣಗ್ರಂಥವನ್ನೋ ನೋಡಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಶಾಲೆಯಲ್ಲಿ ಉರುಹೊಡೆದ ಎಷ್ಟೋ ನಿಯಮಗಳು ನಿಯಮಗಳೇ ಅಲ್ಲ. ವಾಕ್ಯದ ಕೊನೆಯಲ್ಲಿ 'ವಿತ್', 'ಟು' ಮುಂತಾದವು ಬರಬಾರದೆಂಬ ಆಕ್ಷೇಪವನ್ನು ಕವಿ ಜಾನ್ ಡ್ರೈಡನ್ 1672ರಲ್ಲಿ ಎತ್ತಿದ್ದುಂಟು. ಇಂಗ್ಲಿಷಿನ ಒಳ್ಳೆಯ ಬರಹಗಾರರು ಅಂದಿನಿಂದ ಇಂದಿನವರೆಗೂ ಹಾಗೆ ಬರೆಯುತ್ತಲೇ ಇದ್ದಾರೆ. ಒಬ್ಬ ವ್ಯಕ್ತಿಯನ್ನು 'ದೇ' ಎಂದು ಕರೆಯುವ ರೂಢಿ 14ನೇ ಶತಮಾನದಷ್ಟು ಹಳೆಯದು. 'ದ ಟೀಮ್ ಆರ್' ಎಂಬುದು ಅಮೆರಿಕದವರ ಕಿವಿಗೆ ತಪ್ಪೆನಿಸಿದರೂ ಬ್ರಿಟಿಷ್ ಬಳಕೆಯಲ್ಲಿ ಸರಿಯೇ. ಇಂಥದ್ದನ್ನು ತಿದ್ದಲು ಹೋಗಿ ನಾವೇ ತಿದ್ದಿಸಿಕೊಳ್ಳುವುದು ಮುಜುಗರದ ಸಂಗತಿ.

ಮರುಪ್ರಶ್ನೆ: ವರದಿಗಾರ

ಇಬ್ಬರಿಗೂ ಧನ್ಯವಾದಗಳು. 'ಎ ಫ್ಯೂ' ವಿಚಾರ ನನಗೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ಮೊದಲ ಮಾತನ್ನು ಹೇಗೆ ಎತ್ತಲಿ? ಅವರು ಹಿರಿಯರು, ನಾನಾಗಿಯೇ ಹೋಗಿ ಹೇಳಿದರೆ ಉದ್ಧಟತನವಾಗದೇ?

ಉತ್ತರ: ಕರಡು ತಿದ್ದುವವಳು

ಅನುಮತಿ ಕೇಳಿ, ಅದೂ ವರದಿಯ ನೆಪದಲ್ಲಿ. 'ಸರ್, ಗ್ರಾಹಕರಿಗೆ ಕಳುಹಿಸುವ ಮೊದಲು ಭಾಷೆಯ ದೃಷ್ಟಿಯಿಂದ ನಾನೊಮ್ಮೆ ಓದಬಹುದೇ?' ಎಂದರೆ ಬೇಡವೆನ್ನುವ ಅವಕಾಶವೂ ಅವರಿಗಿರುತ್ತದೆ. ಒಪ್ಪಿದರೆ ಕಡತದಲ್ಲಿ ಬದಲಾವಣೆಗಳು ಎದ್ದು ಕಾಣುವಂತೆ ಟ್ರ್ಯಾಕ್ ಚೇಂಜಸ್ ಇಟ್ಟು ತಿದ್ದಿ, ಮರಳಿ ಬರುವ ಎರಡು ಮೂರು ದೋಷಗಳಿಗೆ ಮಾತ್ರ ಬದಿಯಲ್ಲಿ ಟಿಪ್ಪಣಿ ಹಾಕಿ. 'ನೀವು ತಪ್ಪು ಬರೆದಿದ್ದೀರಿ' ಎನ್ನುವ ಬದಲು 'ಈ ವಾಕ್ಯವನ್ನು ಗ್ರಾಹಕರು ಹೀಗೆ ಅರ್ಥಮಾಡಿಕೊಳ್ಳುವ ಸಾಧ್ಯತೆಯಿದೆ' ಎಂದು ಬರೆದರೆ ಮಾತು ವ್ಯಕ್ತಿಯ ಮೇಲೆ ಬೀಳದೆ ವಾಕ್ಯದ ಮೇಲೆ ನಿಲ್ಲುತ್ತದೆ. ಹತ್ತು ಜನರಿಗೆ ಪ್ರತಿ ಹೋಗುವ ಇಮೇಲಿನಲ್ಲಂತೂ ತಿದ್ದುಪಡಿ ಎಂದಿಗೂ ಬೇಡ.

ಉತ್ತರ: ಭಾಷಾಬೋಧಕ

ಒಪ್ಪಿದೆ. ಒಂದೇ ಸೇರ್ಪಡೆ: ನಿಮ್ಮ ವರದಿಯನ್ನೂ ವಿಷಯದ ದೃಷ್ಟಿಯಿಂದ ಓದಿಕೊಡುವಂತೆ ಅವರನ್ನು ಕೇಳಿ.