ಬಚ್ಚಲುಮನೆ ಗೋಡೆಯ ಟೈಲ್ಸ್ ಕಳಚಿ ಬೀಳುತ್ತಿವೆ: ಯಾವ ಅಂಟು ಸರಿ?

ಹೆಬ್ರಿಯವ: ಎಲ್ಲರಿಗೂ ನಮಸ್ಕಾರ. ಟೈಲ್ಸ್ ಹಾಕಿಸಿ ಎಂಟು ತಿಂಗಳು ತುಂಬಿಲ್ಲ, ಮೊನ್ನೆ ರಾತ್ರಿ ಷವರಿನ ಕೆಳಗಿನ ಎರಡು ಟೈಲ್ಸ್ ಒಟ್ಟಿಗೆ ಕಳಚಿ ಬಿದ್ದು ಕಮೋಡಿನ ಮುಚ್ಚಳವನ್ನೂ ಒಡೆದವು. ಬರೀ ಸಿಮೆಂಟ್ ಬೇಡವೆಂದು ಅಂಟಿನ ಚೀಲಗಳನ್ನೇ ತರಿಸಿದ್ದೆ. ಯಾವ ಅಂಟು ತರಬೇಕಿತ್ತು, ದಯವಿಟ್ಟು ತಿಳಿಸಿ.

ನೀರಸೆಲೆ: ಅಂಟನ್ನು ದೂರುವ ಮೊದಲು ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ದಿರೋ ಇಲ್ಲವೋ ಹೇಳಿ. ಗಾರೆಯೊಳಗೆ ತೇವ ನಿಂತರೆ ಯಾವ ಅಂಟೂ ಉಳಿಯದು.

ಹಳೇಮನೆ: ಅಂಟೇ ವ್ಯಾಪಾರಿಗಳ ತಂತ್ರ. ನಮ್ಮ ಬಚ್ಚಲಿಗೆ ಸಿಮೆಂಟ್ ಹಾಲು ಬಳಿದು ಕೂರಿಸಿದ ಬಿಳಿ ಟೈಲ್ಸ್ ಮೂವತ್ತು ವರ್ಷಗಳಿಂದ ಅಲುಗಾಡಿಲ್ಲ. ನೆಲಕ್ಕಂತೂ ಶಹಾಬಾದ್ ಕಲ್ಲು.

ಗಾರೆಕರಣೆ: ಆ ಬಿಳಿ ಟೈಲ್ಸ್ ನೀರು ಕುಡಿಯುವ ಸೆರಾಮಿಕ್, ಹಾಕುವ ಮೊದಲು ನೆನೆಸಿಯೂ ಇರುತ್ತಿದ್ದರು. ಹೆಬ್ರಿಯವರೇ, ನಿಮ್ಮದು ಯಾವ ಟೈಲ್ಸ್, ಅಳತೆ ಎಷ್ಟು, ಬಿದ್ದುದರ ಬೆನ್ನು ಹೇಗಿದೆ, ಚೀಲದ ಮೇಲೆ ಯಾವ ಟೈಪ್ ಎಂದಿದೆ?

ನೀರಸೆಲೆ: ಬೆನ್ನು ನೋಡಿ ಏನು ಪ್ರಯೋಜನ? ತೇವ ಬರುವುದು ಗೋಡೆಯಿಂದ.

ಹೆಬ್ರಿಯವ: ಕೆಳಗೆ ಎರಡಡಿಗೆ ನಾಲ್ಕಡಿಯ ವಿಟ್ರಿಫೈಡ್, ಮೇಲೆ ಸಣ್ಣ ಸೆರಾಮಿಕ್. ಮೇಲಿನವು ಗಟ್ಟಿಯಾಗಿವೆ. ಎರಡಕ್ಕೂ ಒಂದೇ ಅಂಟು; ಚೀಲದ ಮೇಲೆ ಟೈಲ್ಸ್ ಅಂಟಿನ ಭಾರತೀಯ ಮಾನಕದ ಸಂಖ್ಯೆ ಐಎಸ್ 15477, ಟೈಪ್ 1 ಎಂದಿದೆ. ಬಿದ್ದವುಗಳ ಬೆನ್ನಿನಲ್ಲಿ ಬಿಳಿ ಪುಡಿಯ ಹೊರತು ಏನೂ ಇಲ್ಲ. ಗೋಡೆಯಲ್ಲಿ ಮಾತ್ರ ಐದು ಮುದ್ದೆಗಳು ರೊಟ್ಟಿಯಂತೆ ಚಪ್ಪಟೆಯಾಗಿ ಉಳಿದಿವೆ.

ಗಾರೆಕರಣೆ: ಇದನ್ನು ಮೊದಲೇ ಬರೆಯಬೇಕಿತ್ತು. ಗೋಡೆಯ ಸೆರಾಮಿಕ್ ತನ್ನ ತೂಕದ ಶೇಕಡಾ 10ಕ್ಕಿಂತ ಹೆಚ್ಚು ನೀರು ಹೀರಬಲ್ಲುದು, ಆದ್ದರಿಂದ ಸಿಮೆಂಟ್ ಅದರ ರಂಧ್ರಗಳೊಳಗೆ ಇಳಿದು ಬೇರೂರುತ್ತದೆ. ಗಾಜಿನಂತೆ ಬಿಗಿಯಾಗಿ ಸುಟ್ಟ ವಿಟ್ರಿಫೈಡ್ ಹೀರುವುದು ಶೇಕಡಾ 0.5ರೊಳಗೆ, ಹಾಗಾಗಿ ಅಲ್ಲಿ ಹಿಡಿತವೆಲ್ಲ ಅಂಟಿನಲ್ಲಿ ಬೆರೆಸಿರುವ ಪಾಲಿಮರ್ ಎಂಬ ರಾಳದ್ದೇ. ಟೈಪ್ 1ರಲ್ಲಿ ಅದು ಸಾಲದು. ವಿಟ್ರಿಫೈಡ್‌ಗೆ ಕನಿಷ್ಠ ಟೈಪ್ 2 ಬೇಕು. ನಿಮ್ಮ ಅಳತೆಗೆ, ಅದರಲ್ಲೂ ಗೋಡೆಯ ಮೇಲೆ, ಜಾರದ ಗುಣ ಸೂಚಿಸುವ ‘ಟಿ’ ಗುರುತಿನ ಟೈಪ್ 3 ತರುವುದು ವಾಸಿ. ಆ ಬಿಳಿ ಪುಡಿ ಕುಲುಮೆಯಲ್ಲಿ ಟೈಲ್ಸ್ ಅಂಟದಿರಲೆಂದು ಬಳಿದದ್ದು, ಅದನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಕು. ಇನ್ನು ಐದು ಮುದ್ದೆ ಇಟ್ಟು ಒತ್ತುವ ಮೇಸ್ತ್ರಿಗೆ ಹಲ್ಲಿನ ಕರಣೆ ಕೊಟ್ಟು, ಗೋಡೆಗೂ ಬೆನ್ನಿಗೂ ಬಳಿಯಲು ಹೇಳಿ. ಒಂದು ಟೈಲ್ಸ್ ಕೂರಿಸಿ ತಕ್ಷಣ ಕಿತ್ತು ನೋಡಿದರೆ ಬೆನ್ನಿಗೆ ಹತ್ತಿದ್ದು ತಿಳಿಯುತ್ತದೆ. ಒದ್ದೆ ಜಾಗದಲ್ಲಿ ಶೇಕಡಾ 95ರಷ್ಟು ಹತ್ತಿರಬೇಕು.

ಹೆಬ್ರಿಯವ: ಸಾಬೂನಿನ ಗೂಡಿಗೆ ಗಾಜಿನ ಮೊಸಾಯಿಕ್, ಅಂಚಿಗೆ ಹಸಿರು ಮಾರ್ಬಲ್ ಹಾಕುವುದಿದೆ. ಅವಕ್ಕೂ ಇದೇ ಚೀಲ ಸಾಕೇ?

ಗಾರೆಕರಣೆ: ಸಾಲದು. ಗಾಜಿನ ಹಿಂದೆ ಬೂದು ಅಂಟು ಎದ್ದು ಕಾಣುತ್ತದೆ, ಗಾಜಿಗೆ ಹಿಡಿಯುತ್ತದೆಂದು ಬರೆದಿರುವ ಬಿಳಿಯದನ್ನೇ ತನ್ನಿ. ಹಸಿರು ಮಾರ್ಬಲ್ ಅಂಟಿನ ನೀರಿಗೇ ಬಾಗುತ್ತದೆ, ಅದಕ್ಕೆ ನೀರು ಬೆರೆಸದ ರಾಳದ ಅಂಟಾದ ಎಪಾಕ್ಸಿಯೇ ಸರಿ.

ಹೆಬ್ರಿಯವ: ಉಳಿದ ವಿಟ್ರಿಫೈಡ್ ಟೈಲ್ಸನ್ನು ಹೊಸ ಐದು ರೂಪಾಯಿ ನಾಣ್ಯದಿಂದ ತಟ್ಟಿ ನೋಡಿದೆ. ಹದಿನಾಲ್ಕರಲ್ಲಿ ಹನ್ನೊಂದು ಟೊಳ್ಳು. ನಾಳೆ ಕೀಳಿಸುತ್ತೇನೆ.

ನೀರಸೆಲೆ: ವಾಟರ್‌ಪ್ರೂಫಿಂಗ್ ಮಾಡಿಸಿದ್ದಿರೋ ಇಲ್ಲವೋ, ಇನ್ನೂ ಹೇಳಲಿಲ್ಲ.